ಹಲ್ಲಿನ ಚಂದ್ರ

ಆಗಸ್ಟಿನ ಮುಹರ್ರಖ್. ಎಸಿ ಒಂದು ಗಳಿಗೆ ನಿಂತರೆ
ಕತ್ತಿಗಳೂ ಬೆವರುತ್ತವೆ.
ಹತ್ತಿಬಟ್ಟೆ, ಹೊಲಿಗೆಯಂತ್ರದ ಎಣ್ಣೆ, ಮತ್ತೆ ಹತ್ತಿಬಟ್ಟೆ.
ಹನ್ನೊಂದು ವರ್ಷ ನನ್ನ ಕೆಲಸ ಇಷ್ಟೇ:
ಬೂ ಗಾನಿಮನ ಕಬ್ಬಿಣವನ್ನು ಸಮುದ್ರ ತಿನ್ನದ ಹಾಗೆ ಕಾಯುವುದು.

ಒಂದು ದಿನ ಈ ಡೊಂಕನ್ನು ಮೇಜಿನ ಮೇಲಿಟ್ಟು
"ಮಜರ್" ಅಂದ. ಅಜ್ಜನ ಕತ್ತಿಯನ್ನು ಅಜ್ಜಿ ಕರೆಯುತ್ತಿದ್ದ ಹೆಸರು.
ಮಜರ್ ಅಂದರೆ ಹಂಗೇರಿ ಎಂದು ನನಗೆ ತಿಳಿದದ್ದು ಆಮೇಲೆ.
"ಯಾರು ಮಾಡಿದ್ದು, ಹುಡುಕು.
ಮಗನ ಮದುವೆಯೊಳಗೆ ನನಗೊಂದು ಹೆಸರು ಬೇಕು."
ಮದುವೆಗೆ ನಾಲ್ಕು ತಿಂಗಳಿತ್ತು.

ಹಿಡಿ ಇಲ್ಲಿಯದೇ. ಬೆಳ್ಳಿ ತಂತಿ ಸುತ್ತಿದವನು
ಹೊಫುಫಿನ ಯಾರೋ ಅಕ್ಕಸಾಲಿಗ.
ಒರೆಯ ಚರ್ಮ ಬಡಪಾಯಿ ಆಡಿನದು.
ಅಲಗು ಮಾತ್ರ ದೂರದ್ದು:
ಕುದುರೆ ಮೇಲೆ ಕೂತವನ ಮಣಿಕಟ್ಟಿಗೆ ತೂಗಿ ಬಗ್ಗಿಸಿದ್ದು,
ತುದಿಯಿಂದ ಒಂದು ಗೇಣು ಎರಡೂ ಕಡೆ ಹರಿತ,
ಹಿಡಿಯ ಹತ್ತಿರ ಎದುರುಬದುರು ಎರಡು ಅರ್ಧಚಂದ್ರ,
ಚಂದ್ರಕ್ಕೆ ಹಲ್ಲು.

ಎಗೆರ್ ಎಂಬ ಊರಲ್ಲಿ ಹಳೆಯ ಆಯುಧಗಳ ಕೋಣೆ ಕಾಯುವ
ಇಲ್ದಿಕೋಗೆ ಬರೆದೆ. ಫೋಟೋ ಕಳಿಸಿದೆ,
ಬೆರಳಿನ ನೆರಳು ಬೀಳದ ಹಾಗೆ.
ಮೂರು ವಾರಕ್ಕೆ ಉತ್ತರ:

ಹುಸ್ಸಾರ್ ಸವಾರರದು ಅನ್ನಬಹುದು.
ಹಂಗೇರಿಯದು ಅನ್ನಲು ಧೈರ್ಯ ಸಾಲದು.
ಅಲಗುಗಳು ಸ್ಟೈರಿಯಾದ ಬೆಟ್ಟಗಳಿಂದ
ಕೊಬ್ಬು ಬಳಿದುಕೊಂಡು ಪೀಪಾಯಿಗಳಲ್ಲಿ ಇಳಿಯುತ್ತಿದ್ದವು.
ಆ ಚಂದ್ರ ಮೊದಲು ಜಿನೋವಾದವರದು ಅನ್ನುತ್ತಾರೆ.
ಮಾರಾಟ ಚೆನ್ನಾಗಿತ್ತು, ಎಲ್ಲರೂ ಕದ್ದರು.
ಸ್ಟೈರಿಯಾ ಕದ್ದಿತು, ಕಾಕಸಸ್ ಕದ್ದಿತು,
ನಿಮ್ಮ ಕಡೆಯವರೂ ಕದ್ದರು.

ನಿಮ್ಮ ಕಡೆ ಎಂದರೆ ಯಾವ ಕಡೆ, ಬರೆದಿರಲಿಲ್ಲ.

ಕೊನೆಗೊಂದು ಸಾಲು: ಕಡತದಲ್ಲಿ
ತೂಗಿದವನ ಹೆಸರಿದೆ, ಸುಂಕದವನ ಹೆಸರಿದೆ,
ಕಳೆದ ಹನ್ನೆರಡು ಅಲಗಿಗೆ ಆಣೆಯಿಟ್ಟ
ಗಾಡಿಯವನ ಹೆಸರೂ ಇದೆ.
ಬಡಿದವನದಿಲ್ಲ. ಕ್ಷಮಿಸಿ.

ಹಿರೇಕೆರೂರಿನ ಸಂತೆಗೆ ಅಪ್ಪನದು ವಾರಕ್ಕೆ ಮೂವತ್ತು ಕುಡುಗೋಲು.
ಹಲ್ಲು ಕಡಿಯುವುದು ನನ್ನ ಪಾಲು.
ಉಳಿ, ಸುತ್ತಿಗೆ, ಉಳಿ, ಸುತ್ತಿಗೆ,
ಒಂದು ತಪ್ಪಿದರೆ ನೆತ್ತಿಗೆ ಮೊಟಕು.
ನಿನ್ನ ಹೆಸರು ಯಾಕ ಹೊಡಿಯಂಗಿಲ್ಲ ಅಂತ ಕೇಳಿದ್ದೆ.
"ಹೆಸರು ಹೊಡದ್ರ, ಮುರದಾಗ
ಮನಿ ಹುಡುಕ್ಕೊಂಡು ಬರ್ತಾರಲೇ."

ಮದುವೆಗೆ ಒಂಬತ್ತು ದಿನ ಇದ್ದಾಗ
ಅರಗು ಕಾಯಿಸಿ ಹಿಡಿ ಕಳಚಿದೆ.
ಯಾರೂ ನೋಡದ ಜಾಗ, ಹಿಡಿಯೊಳಗೆ ಅಡಗುವ ಬಾಲದ ಮೇಲೆ,
ಮೂರು ಚುಕ್ಕೆ, ಪಕ್ಕದಲ್ಲೊಂದು ಗೀರು.
ಗೀರು ಜಾರಿದೆ. ಅವಸರದ ಏಟು.
ಇದು ಮುದ್ರೆಯಲ್ಲ, ಲೆಕ್ಕ:
ಸಂಜೆ ಕೂಲಿ ಕೊಡುವವನಿಗೆ ತೋರಿಸಲು.
ಇಲ್ದಿಕೋ ಬರೆದಳು: ಚೆಂದ.
ನಮ್ಮಲ್ಲಿ ಹಿಡಿ ಕಳಚಲು ಬಿಡುವುದಿಲ್ಲ.

ಬೂ ಗಾನಿಮನಿಗೆ "ಮಜರ್" ಅಂದೆ,
"ಅಜ್ಜಿ ಹೇಳಿದ್ದೇ ಸರಿ."
ನಾಲ್ಕು ತಿಂಗಳ ಸಂಬಳ ಕೊಟ್ಟು
ನಮ್ಮಜ್ಜಿಯ ಮಾತನ್ನೇ ವಾಪಸ್ಸು ಕೊಂಡೆ ಎಂದು ನಕ್ಕ.
ನಗುವಾಗ ನನ್ನನ್ನು ಬಿಟ್ಟು ಕತ್ತಿಯನ್ನು ನೋಡುತ್ತಿದ್ದ.

ಅರ್ದಾ ಕುಣಿತದ ಸಾಲಿನಲ್ಲಿ ಗಂಡಸರು ಹೆಗಲಿಗೆ ಹೆಗಲು.
ಡೋಲು ಎದ್ದಾಗ ಕತ್ತಿಗಳೂ ಎದ್ದವು.
ನೀರಿನ ಬಾಟಲಿ ಪೇರಿಸಿದ ಕಡೆ ಡ್ರೈವರುಗಳ ಜೊತೆ ನಿಂತು
ಚಂದ್ರದ ಹಲ್ಲು ಎಣಿಸಿದೆ.
ಅಷ್ಟು ದೂರಕ್ಕೆ ಕಾಣುವುದಿಲ್ಲ, ಆದರೂ ಎಣಿಸಿದೆ.
ಒಂದು ಚಂದ್ರಕ್ಕೆ ಒಂಬತ್ತು, ಇನ್ನೊಂದಕ್ಕೆ ಎಂಟು.
ಮೊದಲ ದಿನವೇ ನೋಡಿದ್ದೆ,
ವರದಿಯಲ್ಲಿ ಬರೆದಿರಲಿಲ್ಲ.

ಪಾಪ,
ಮೊಟಕು ತಿಂದಿರಬೇಕು.